ಮನಸ್ಸಿನ ಬೇನೆಯೂ ಮಾತಿನ ಉಪಚಾರವೂ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ನರಗುಂದವನ್ನು ಬಿಟ್ಟು, ಮಲಪ್ರಭೆಯ ಸೇತುವೆಯನ್ನು ದಾಟಿ ಬಂದರೆ ಕುಳಗೇರಿ ಕ್ರಾಸು ಸಿಗುವದು. ಬಾದಾಮಿಯ ಹಾದಿಯು ಇಲ್ಲಿ ಒಡೆಯುವದರಿಂದ ಹಗಲೆಲ್ಲ ಜನರು ಬಸ್ಸಿಗಾಗಿ ಕಾಯುತ್ತಿರುತ್ತಾರೆ. ಅವರೊಳಗೆ ದವಾಖಾನೆಗೆ ಹೊರಟವರನ್ನು ಗುರುತಿಸುವದು ಕಠಿಣವಲ್ಲ. ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿರುವದು. ಅದರಲ್ಲಿ ರಕ್ತ ತಪಾಸಣೆಯ ಕಾಗದಗಳು, ಎಕ್ಸ್‌ರೇ ಫಿಲ್ಮು, ಅರ್ಧ ತೀರಿದ ಗುಳಿಗೆಗಳು. ಈ ಚೀಲವನ್ನು ಹಿಡಿದವರಲ್ಲಿ ಕೆಲವರು ವರುಷಗಟ್ಟಲೆ ಊರಿಂದೂರಿಗೆ ತಿರುಗಿದರೂ ತಮ್ಮ ಬೇನೆಯ ಹೆಸರನ್ನು ಯಾರ ಬಾಯಿಂದಲೂ ಕೇಳಿರುವದಿಲ್ಲ. ಅವರ ಬೇನೆಯು ರಕ್ತದಲ್ಲಿ ಕಾಣುವಂಥದಲ್ಲ, ಎಲುಬಿನ ಚಿತ್ರದಲ್ಲಿ ಮೂಡುವಂಥದೂ ಅಲ್ಲ. ವೈದ್ಯರು ಅದಕ್ಕೆ ಖಿನ್ನತೆ ಎನ್ನುತ್ತಾರೆ. ಅದನ್ನು ಮನೆಯವರು ಗುರುತಿಸುವದು ಹೇಗೆ, ಮಾತಿನಿಂದ ಅದಕ್ಕೆ ಮಾಡುವ ಉಪಚಾರವೆಂದರೇನು, ಎಂಬದನ್ನು ನಮ್ಮ ಗೃಹಸ್ಥ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಖಿನ್ನತೆ ಎಂಬ ಶಬ್ದವು ಪುಸ್ತಕದ್ದು. ಅದನ್ನು ಹೇಳಿಕೊಂಡು ನಮ್ಮ ಕಡೆಯ ಹಳ್ಳಿಗಳಿಂದ ಯಾರೂ ದವಾಖಾನೆಗೆ ಬರುವದಿಲ್ಲ. “ಕೈಕಾಲು ಹರೀತಾವ್ರಿ”, “ತಲಿ ಭಾರ ಆಗೇತಿ”, “ಎದಿ ಮ್ಯಾಲ ಕಲ್ಲ ಇಟ್ಟಾಂಗ ಆಗತೈತಿ”, “ಮೈಯಾಗ ತ್ರಾಣ ಇಲ್ಲ” ಎಂದು ಹೇಳಿಕೊಳ್ಳುತ್ತಾರೆ. ಮನಸ್ಸಿನ ನೋವು ಹೀಗೆ ಮೈಯ ನೋವಿನ ವೇಷದಿಂದ ಬರುವದು. ಇದನ್ನು ಸೋಗೆಂದು ತಿಳಿಯಬಾರದು. ನಿದ್ರೆ, ಹಸಿವು, ನೋವಿನ ಅರಿವು, ದುಃಖ, ಉತ್ಸಾಹ ಇವೆಲ್ಲವೂ ಒಂದೇ ಮಿದುಳಿನ ಆಳಿಕೆಗೆ ಒಳಪಟ್ಟವು. ಅಲ್ಲಿ ಏರುಪೇರಾದರೆ ಮೈಯೂ ನಿಜವಾಗಿಯೇ ನೋಯುವದು. ಆಫ್ರಿಕೆಯ ಜಿಂಬಾಬ್ವೆ ದೇಶದ ಶೋನಾ ಜನರು ಈ ಬೇನೆಗೆ ‘ಕುಫುಂಗಿಸಿಸಾ’ ಎನ್ನುತ್ತಾರೆ. ಅತಿಯಾಗಿ ಚಿಂತಿಸುವದು ಎಂದು ಅದರ ಅರ್ಥ. ನಮ್ಮಲ್ಲಿ “ಅಂವಾ ಭಾಳ ಮನಸ್ಸಿಗೆ ಹಚಗೊಂಡಾನ” ಎನ್ನುವದಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಹೆಸರಿಲ್ಲದಿದ್ದರೂ ಬೇನೆಯ ಪರಿಚಯವು ಜನರಿಗೆ ಉಂಟೆಂಬದು ಇದರಿಂದ ಗೊತ್ತಾಗುವದು.

ಒಂದು ಮನೆಯನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ನಾಲ್ಕು ಎಕರೆ ಎರಿ ಹೊಲ, ಒಂದು ಜೋಡಿ ಎತ್ತು, ನಾಲ್ವತ್ತು ದಾಟಿದ ಯಜಮಾನ. ಕೋಳಿ ಕೂಗುವ ಮೊದಲೇ ಎದ್ದು ಎತ್ತುಗಳಿಗೆ ಮೇವು ಹಾಕುತ್ತಿದ್ದವನು ಈಗಲೂ ಕೋಳಿ ಕೂಗುವ ಮೊದಲೇ ಎಚ್ಚರಾಗುವನು. ಆದರೆ ಹಾಸಿಗೆಯನ್ನು ಬಿಡುವದಿಲ್ಲ. ನಸುಕಿನ ಮೂರು ಗಂಟೆಗೆ ತೆರೆದ ಕಣ್ಣು ಮತ್ತೆ ಮುಚ್ಚುವದಿಲ್ಲ. ಆ ಕತ್ತಲೆಯಲ್ಲಿ ಹಿಂದೆ ಮಾಡಿದ ತಪ್ಪುಗಳೂ ಮಾಡದ ತಪ್ಪುಗಳೂ ಒಂದೊಂದಾಗಿ ಬಂದು ಅವನೆದುರು ನಿಲ್ಲುವವು. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಗೆ ಹೋದರೆ ಎರಡು ರಾತ್ರಿ ಕಂಪನಿ ನಾಟಕ ನೋಡದೆ ಊರಿಗೆ ಮರಳದವನು ಈ ವರುಷ “ನೀವಽ ಹೋಗಿ ಬರ್ರಿ” ಎಂದು ಗೋಡೆಯ ಕಡೆಗೆ ಮಗ್ಗಲಾದನು. ರೊಟ್ಟಿಯು ಬಾಯಿಗೆ ಮಣ್ಣಾಯಿತು. ಮಗಳು ಶಾಲೆಯಲ್ಲಿ ಬಹುಮಾನ ಪಡೆದು ಬಂದು ತೋರಿಸಿದರೆ ಮೋರೆ ಅರಳಲಿಲ್ಲ. ಬಾದಾಮಿಯಲ್ಲಿ ರಕ್ತ ತಪಾಸಿಸಿದರು, ಬಾಗಲಕೋಟೆಯಲ್ಲಿ ಎದೆಯ ಚಿತ್ರ ತೆಗೆದರು, ಹುಬ್ಬಳ್ಳಿಯಲ್ಲಿ ತಲೆಯನ್ನು ಸ್ಕ್ಯಾನು ಮಾಡಿದರು. ಎಲ್ಲ ಕಾಗದಗಳ ಕೊನೆಯಲ್ಲಿಯೂ ಒಂದೇ ಮಾತು: ನಾರ್ಮಲ್.

ಈ ‘ನಾರ್ಮಲ್’ ಎಂಬ ಶಬ್ದವು ಮನೆಗೆ ಬಂದ ದಿನದಿಂದಲೇ ಅವನ ನಿಜವಾದ ಕಷ್ಟವು ಆರಂಭವಾಗುವದೆಂದು ನಮ್ಮ ಅಭಿಪ್ರಾಯ. “ಎಲ್ಲಾ ನೆಟ್ಟಗೈತಿ ಅಂದಾರಲ್ಲೋ ತಮ್ಮಾ, ಎದ್ದು ಹೊಲದ ಕಡಿ ಹೋಗು” ಎಂದು ಅಣ್ಣನೆನ್ನುವನು. “ಯಾರದೋ ಕಣ್ಣ ತಾಗೇತಿ” ಎಂದು ತಾಯಿಯು ಮೆಣಸಿನಕಾಯಿ ನೀವಾಳಿಸುವಳು. “ಅತ್ತಿ, ಇವರು ಮೊದಲಿನಾಂಗ ಇಲ್ಲರಿ” ಎಂದು ಹೆಂಡತಿ ನಾಲ್ಕು ಸಲ ಹೇಳಿ ಐದನೆಯ ಸಲಕ್ಕೆ ಸುಮ್ಮನಾಗುವಳು. ನೆರೆಯವರು ಮೈಗಳ್ಳನೆಂದು ಆಡಿಕೊಳ್ಳುವರು. ಇದೆಲ್ಲಕ್ಕೂ ಮಿಗಿಲಾಗಿ, ಆ ಮಾತನ್ನು ನಂಬುವವರಲ್ಲಿ ರೋಗಿಯೇ ಮೊದಲಿಗನು. ವರದಿಯು ಸುಳ್ಳು ಹೇಳಿಲ್ಲ. ರಕ್ತವು ನೆಟ್ಟಗಿದೆಯೆಂದು ಹೇಳಿತು, ಅಷ್ಟೆ. ಮನುಷ್ಯನು ನೆಟ್ಟಗಿದ್ದಾನೆಂದು ಅದು ಎಲ್ಲಿಯೂ ಹೇಳಲಿಲ್ಲ. ಆದರೂ ತಪಾಸಣೆಯು ವ್ಯರ್ಥವೆಂದು ಯಾರೂ ತಿಳಿಯಬಾರದು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ ಮೊದಲಾದವು ಇದೇ ರೂಪದಿಂದ ಕಾಣಿಸಿಕೊಳ್ಳುವದುಂಟಾದುದರಿಂದ ಅವು ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳುವದು ಅವಶ್ಯವೇ. ಖಾತ್ರಿಯಾದ ಬಳಿಕ ನಿಲ್ಲುವದು ಮಾತ್ರ ತಪ್ಪು.

ಹಾಗಾದರೆ ಗುರುತಿಸುವದು ಹೇಗೆ? ಎರಡು ಲಕ್ಷಣಗಳು ಮುಖ್ಯವಾದವು. ದಿನದ ಬಹುಭಾಗವೆಲ್ಲ ಮನಸ್ಸು ಮಂಕಾಗಿರುವದು ಒಂದು; ಹಿಂದೆ ಸಂತೋಷ ಕೊಡುತ್ತಿದ್ದ ಯಾವದರಲ್ಲಿಯೂ ಆಸ್ಥೆಯಿಲ್ಲದಾಗುವದು ಇನ್ನೊಂದು. ಇವೆರಡರಲ್ಲಿ ಒಂದಾದರೂ ಇದ್ದು, ಅದರ ಸಂಗಡ ನಿದ್ರೆ ಕೆಡುವದು, ಹಸಿವು ಅಡಗುವದು ಇಲ್ಲವೆ ವಿಪರೀತವಾಗುವದು, ದುಡಿಯದೆಯೇ ದಣಿಯುವದು, ನಡೆ ನುಡಿ ನಿಧಾನವಾಗುವದು, ಓದಿದ್ದು ಕೇಳಿದ್ದು ತಲೆಯಲ್ಲಿ ನಿಲ್ಲದಿರುವದು, ತಾನು ಯಾತಕ್ಕೂ ಬಾರದವನೆಂಬ ಭಾವನೆ, ಸಾವಿನ ವಿಚಾರ – ಇವುಗಳಲ್ಲಿ ಕೆಲವು ಸೇರಿ ಎರಡು ವಾರಗಳ ವರೆಗೆ ಬಿಡದೆ ಉಳಿದು, ದಿನದ ಕೆಲಸವನ್ನು ಕೆಡಿಸಿದರೆ ಅದು ಖಿನ್ನತೆಯಿರಬಹುದು. ಎರಡು ವಾರವೆಂಬ ಗಡುವನ್ನು ನೆನಪಿನಲ್ಲಿಡಬೇಕು. ಸಂತೆಯಲ್ಲಿ ಉಳ್ಳಾಗಡ್ಡಿಯ ಧಾರಣೆ ಬಿದ್ದ ದಿನ ಯಾರ ಮೋರೆಯೂ ಸಪ್ಪಗಾಗುವದು, ಅದು ಬೇನೆಯಲ್ಲ. ಮನಸ್ಸಿನ ಭಾರವು ಬೆಳಗಿನಲ್ಲಿ ಹೆಚ್ಚಾಗಿದ್ದು ಸಂಜೆಗೆ ಕೊಂಚ ಇಳಿಯುವದೆಂಬ ಸಂಗತಿಯನ್ನೂ ಮನೆಯವರು ಲಕ್ಷಿಸಬಹುದು. ಸಂಜೆ ಕಟ್ಟೆಯ ಮೇಲೆ ಕೂತು ಎರಡು ಮಾತಾಡಿದನೆಂಬದರಿಂದಲೇ “ಬೆಳಿಗ್ಗೆ ಮಾಡಿದ್ದು ನಾಟಕ” ಎಂದು ತೀರ್ಮಾನಿಸಿದವರನ್ನು ನಾವು ಬಲ್ಲೆವು.

ದುಃಖಕ್ಕೂ ಖಿನ್ನತೆಗೂ ಇರುವ ಭೇದವನ್ನು ತಿಳಿಯದೆ ಎರಡು ಕಡೆಯಿಂದಲೂ ತಪ್ಪಾಗುವದು. ಮನೆಯ ಹಿರಿಯರು ತೀರಿಕೊಂಡಾಗ ಬರುವ ದುಃಖವು ತೆರೆತೆರೆಯಾಗಿ ಬರುವದು. ನಡುವೆ ಮೊಮ್ಮಗುವಿನ ತೊದಲಿಗೆ ನಗೆಯೂ ಬರುವದು. ಸತ್ತವರ ನೆನಪಿನಿಂದ ಅಳುವವರು ತಮ್ಮನ್ನು ತಾವೇ ಹೀಗಳೆಯುವದಿಲ್ಲ. ಖಿನ್ನತೆಯು ತೆರೆಯಲ್ಲ, ಕದಲದೆ ಮುಸುಕಿದ ಮೋಡ. ಅಳಬೇಕೆಂದರೂ ಕಣ್ಣೀರು ಬರದೆಂದು ಎಷ್ಟೋ ರೋಗಿಗಳು ಹೇಳುತ್ತಾರೆ. ಆದರೆ ದುಃಖವೇ ಮುಂದೆ ಖಿನ್ನತೆಗೆ ತಿರುಗುವದೂ ಉಂಟು. ನಮ್ಮ ಈ ಭಾಗವು ಕಳೆದುಕೊಂಡದ್ದು ಸ್ವಲ್ಪವಲ್ಲ. ಆಲಮಟ್ಟಿಯ ಹಿನ್ನೀರಿಗಾಗಿ ಬಾಗಲಕೋಟೆಯ ಹಳೆಯ ಪೇಟೆಯ ಎಷ್ಟೋ ಮನೆಗಳು ನವನಗರಕ್ಕೆ ಎದ್ದು ಹೋದವು. ೨೦೦೯ರ ನೆರೆಯಲ್ಲಿ ಹೊಳೆಯ ದಂಡೆಯ ಊರುಗಳು ಕುಸಿದು, ‘ಆಸರೆ’ಯ ಮನೆಗಳ ಸಾಲಿನಲ್ಲಿ ಹಳೆಯ ಓಣಿ, ಹಳೆಯ ನೆರೆಹೊರೆ ಚದುರಿದವು. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ಪಟ್ಟದಕಲ್ಲಿನ ಗುಡಿಗಳೊಳಕ್ಕೂ ನುಗ್ಗಿದಳು. ಬಿದ್ದ ಗೋಡೆಗೆ ಪಂಚನಾಮೆಯಾಯಿತು, ಸತ್ತ ದನಕ್ಕೆ ಪಂಚನಾಮೆಯಾಯಿತು. ಆ ಬಳಿಕ ಒಂದು ವರುಷದಿಂದ ಬಾಗಿಲಲ್ಲಿ ಸುಮ್ಮನೆ ಕೂಡುವ ಮುದುಕಿಯ ಹೆಸರನ್ನು ಯಾವ ತಲಾಠಿಯೂ ಬರೆದುಕೊಳ್ಳಲಿಲ್ಲ.

ಬೇನೆಯು ಎಲ್ಲರಲ್ಲಿಯೂ ಒಂದೇ ಮೋರೆಯನ್ನು ತೋರಿಸುವದಿಲ್ಲ. ಗಂಡಸರಲ್ಲಿ ಅದು ಸಿಟ್ಟಾಗಿ, ಕುಡಿತವಾಗಿ ಕಾಣಿಸಿಕೊಳ್ಳುವದುಂಟು. ಮುದುಕರಲ್ಲಿ ಮರೆವಿನಂತೆ ಕಾಣುವದು. ಮಕ್ಕಳಲ್ಲಿ ಶಾಲೆಗೆ ಹೋಗಲೊಲ್ಲೆನೆಂಬ ಹಟವಾಗಿ. ಬಾಣಂತಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹೆರಿಗೆಯಾದ ನಾಲ್ಕಾರು ದಿನ ಕಣ್ಣಲ್ಲಿ ನೀರಾಡುವದು ಸಾಮಾನ್ಯ; ಅದು ತಾನೇ ಹೋಗುವದು. ಎರಡು ವಾರ ಕಳೆದರೂ ಹೋಗದಿದ್ದರೆ, ಕೂಸು ಮಲಗಿದರೂ ತಾಯಿಗೆ ನಿದ್ರೆ ಬಾರದಿದ್ದರೆ, “ಈ ಕೂಸಿಗೆ ನಾ ತಕ್ಕ ತಾಯಿ ಅಲ್ಲ” ಎಂಬ ಮಾತು ಬಂದರೆ, ಅದನ್ನು ಬಾಣಂತನದ ನಂಜೆಂದು ಬಿಡದೆ ವೈದ್ಯರಿಗೆ ತೋರಿಸಬೇಕು. ತವರಿನಲ್ಲಿ ಬಾಣಂತನ ಮಾಡುವ ತಾಯಂದಿರು ಇದನ್ನು ಎಲ್ಲರಿಗಿಂತ ಮೊದಲು ಕಾಣಬಲ್ಲರು.

ಸಾವಿನ ಮಾತು ಬಂದಲ್ಲಿ ತಡಮಾಡುವ ಅವಕಾಶವಿಲ್ಲ. “ನಾ ಇರದಿದ್ರ ನಿಮಗೆಲ್ಲಾ ಬೇಸಿತ್ತು” ಎಂದು ಒಬ್ಬರು ಅಂದರೆ ಅದನ್ನು ಬೆದರಿಕೆಯೆಂದು ಗದರಿಸಬಾರದು, ಕೇಳಿಸದವರಂತೆ ಎದ್ದು ಹೋಗಲೂ ಬಾರದು. “ಸಾಯಬೇಕು ಅನ್ನೂ ವಿಚಾರ ಬರತೈತೇನಪಾ?” ಎಂದು ಸಮೀಪದವರು ನೆಟ್ಟಗೆ ಕೇಳಬೇಕು. ಕೇಳಿದರೆ ಇಲ್ಲದ ವಿಚಾರವು ಹುಟ್ಟುವದೆಂಬ ಭಯವು ಆಧಾರವಿಲ್ಲದ್ದು. ಕೇಳಿದವರೆದುರು ಎದೆಯ ಭಾರ ಇಳಿಯುವದೇ ಹೆಚ್ಚು. ಅಂಥವರನ್ನು ಒಬ್ಬರನ್ನೇ ಬಿಡದೆ ಅದೇ ದಿನ ವೈದ್ಯರ ಹತ್ತಿರ ಕರೆದೊಯ್ಯಬೇಕು. ಬೆಳೆಗೆ ಹೊಡೆಯುವ ಔಷಧಿಯನ್ನು ಮಲಗುವ ಮನೆಯಲ್ಲಿಡುವ ರೂಢಿಯು ನಮ್ಮಲ್ಲಿ ಬಹಳ. ಅದನ್ನು ಮನೆಯಿಂದ ಹೊರಗೆ, ಬೀಗದೊಳಗೆ, ಬೇರೆಯವರ ಕೈಯಲ್ಲಿಡಬೇಕು. ಆ ಗಳಿಗೆಯನ್ನು ದಾಟಿಸಿದರೆ ಜೀವವನ್ನೇ ಉಳಿಸಿದಂತಾಗುವದುಂಟು. ಪೋಲೀಸರ ಭಯದಿಂದ ಮುಚ್ಚಿಡುವ ಕಾರಣವೂ ಈಗಿಲ್ಲ. ಸಾಯಲು ಯತ್ನಿಸಿದವರು ತೀವ್ರ ಮನಃಕ್ಲೇಶಕ್ಕೆ ಒಳಗಾದವರೆಂದೇ ತಿಳಿಯಬೇಕು, ಸರಕಾರವು ಅವರಿಗೆ ಉಪಚಾರ ಕೊಡಬೇಕು ಎಂದು ೨೦೧೭ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ವಿಧಿಸಿದೆ.

ಇನ್ನು ಉಪಚಾರದ ಮಾತು. ಖಿನ್ನತೆಗೆ ಗುಳಿಗೆಗಳುಂಟು; ಬೇನೆಯು ತೀವ್ರವಾಗಿದ್ದಲ್ಲಿ ಅವು ಬೇಕೇ ಬೇಕು. ಅವು ಎರಡರಿಂದ ನಾಲ್ಕು ವಾರಗಳ ತರುವಾಯ ಗುಣ ತೋರಿಸತೊಡಗುವವು. ಎಂಟು ದಿನ ನುಂಗಿ “ಏನೂ ಆಗಲಿಲ್ಲ” ಎಂದು ಬಿಡುವದೂ, ಗುಣವಾದ ಮರುದಿನವೇ ವೈದ್ಯರನ್ನು ಕೇಳದೆ ನಿಲ್ಲಿಸುವದೂ ಸಮನಾದ ತಪ್ಪುಗಳು. ಗುಳಿಗೆಯ ವಿಷಯ ಇಷ್ಟು ಸಾಕು. ಮಾತಿನ ಉಪಚಾರದ ಬಗ್ಗೆಯೇ ಜನರಲ್ಲಿ ಸಂಶಯವು ಹೆಚ್ಚು. “ಮಾತಿನಿಂದ ಜಡ್ಡು ಹೋಗುವದೇ? ನಾವೇನು ಕಡಿಮೆ ಮಾತು ಹೇಳಿದ್ದೇವೆಯೇ?” ಎಂದು ಮನೆಯವರು ಕೇಳುವರು.

ಹೇಳಿದ್ದಾರೆಂಬದು ನಿಜ. ತೊಂದರೆಯು ಅಲ್ಲಿಯೇ ಇದೆ. “ಧೈರ್ಯ ತಂದುಕೊ”, “ಹೆಂಡರು ಮಕ್ಕಳ ಮೋರೆ ನೋಡು”, “ನಿನಗಿಂತ ಕಷ್ಟದಾಗ ಇದ್ದವರು ಎಷ್ಟ ಮಂದಿ ಇಲ್ಲ?” – ಈ ಬುದ್ಧಿಮಾತುಗಳೆಲ್ಲ ಪ್ರೀತಿಯಿಂದಲೇ ಹುಟ್ಟಿದವು. ಆದರೆ ಕಾಲು ಮುರಿದವನಿಗೆ ಓಡೆಂದು ಹೇಳಿದಂತೆ, ಅವನಿಂದ ಆಗದ ಕೆಲಸವನ್ನೇ ಅವು ಅವನಿಗೆ ಹೇಳುವವು. ಆಗದಿದ್ದಾಗ ಅವನ ಅಪರಾಧಗಳ ಯಾದಿಗೆ ಇನ್ನೊಂದು ಸೇರುವದು. ಮನೋಚಿಕಿತ್ಸೆಯು ಬುದ್ಧಿ ಹೇಳುವದಲ್ಲ. ಕನ್ನಡದ ‘ಕೇಳು’ ಎಂಬ ಶಬ್ದಕ್ಕೆ ಪ್ರಶ್ನೆ ಮಾಡು ಎಂದೂ ಅರ್ಥ, ಕಿವಿಗೊಡು ಎಂದೂ ಅರ್ಥ. ಚಿಕಿತ್ಸಕರ ಕೆಲಸದ ಬಹುಪಾಲು ಈ ಎರಡು ಅರ್ಥಗಳಲ್ಲಿಯೂ ಕೇಳುವದೇ ಆಗಿದೆ. ಅದಕ್ಕೆ ಗೊತ್ತಾದ ದಿನ, ಗೊತ್ತಾದ ವೇಳೆ, ಗೊತ್ತಾದ ಕ್ರಮವುಂಟು. ಚಿಕಿತ್ಸಕರು ಅದನ್ನು ಕಲಿತು ಬಂದವರು. ಅವರು ನಂಟರಲ್ಲ, ಸಾಲ ಕೊಟ್ಟವರಲ್ಲ, ಊರಿನ ಹಿರಿಯರೂ ಅಲ್ಲ. ರೋಗಿಯು ಅವರೆದುರು ಮರ್ಯಾದೆ ಕಾಯ್ದುಕೊಳ್ಳಬೇಕಾದ ಕಾರಣವಿಲ್ಲ.

ನಾವು ಮೇಲೆ ಕಲ್ಪಿಸಿದ ಯಜಮಾನನು ಚಿಕಿತ್ಸಕರ ಮುಂದೆ ಕೂತನೆಂದು ಎಣಿಸೋಣ. ಮೊದಲನೆಯ ಭೇಟಿಯಲ್ಲಿ ಅವನಿಗೆ ಯಾವ ಉಪದೇಶವೂ ಸಿಗುವದಿಲ್ಲ. ಬೇನೆಯು ಯಾವಾಗ ಆರಂಭವಾಯಿತು, ಆಗ ಮನೆಯಲ್ಲಿ ಏನು ನಡೆದಿತ್ತು, ಹಿಂದೆಂದಾದರೂ ಇದಕ್ಕೆ ವಿರುದ್ಧವಾಗಿ ಅತಿ ಉತ್ಸಾಹವೇರಿ ನಿದ್ರೆಯಿಲ್ಲದೆ ದಿನ ಕಳೆದದ್ದುಂಟೇ, ಎಂದು ವಿಚಾರಿಸುವರು. ಈ ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಬೇನೆಯೂ ಬೇರೆ, ಔಷಧವೂ ಬೇರೆ. ಅಲ್ಲವೆಂದರೆ ಅವನ ಕೈಗೆ ಒಂದು ಹಾಳೆ ಕೊಟ್ಟು, ಒಂದು ವಾರ ಯಾವ ಹೊತ್ತಿಗೆ ಏನು ಮಾಡಿದೆ, ಆಗ ಮನಸ್ಸು ಹೇಗಿತ್ತು ಎಂಬದನ್ನು ಗುರುತು ಹಾಕಿ ತರಲು ಹೇಳುವರು. ಬರೆಯಲು ಬಾರದಿದ್ದರೆ ಮಗಳು ಬರೆಯಬಹುದು. ಎರಡನೆಯ ವಾರ ಆ ಹಾಳೆಯನ್ನು ಇಬ್ಬರೂ ಕೂಡಿ ನೋಡುವರು. ದಿನವಿಡೀ ಮಲಗಿದ್ದ ಮಂಗಳವಾರ ಮನಸ್ಸು ಪಾತಾಳಕ್ಕಿಳಿದಿತ್ತು; ಗುರುವಾರ ಎತ್ತಿಗೆ ನೀರು ಕುಡಿಸಿ ಬಂದ ಮೇಲೆ, ಕಾಲು ತಾಸಿನ ಮಟ್ಟಿಗಾದರೂ, ತುಸು ಹಗುರಾಗಿತ್ತು. ಇದನ್ನು ಚಿಕಿತ್ಸಕರು ಹೇಳುವದಿಲ್ಲ. ಹಾಳೆಯಲ್ಲಿ ಅವನೇ ಕಾಣುವನು.

ಇಲ್ಲಿಂದ ಕೆಲಸವು ಆರಂಭವಾಗುವದು. ನಾವೆಲ್ಲರೂ ಮನಸ್ಸು ಬಂದ ಮೇಲೆ ಕೆಲಸ ಮಾಡುವೆವೆಂದು ತಿಳಿದಿದ್ದೇವೆ. ಖಿನ್ನತೆಯಲ್ಲಿ ಆ ಹಾದಿಯು ಕಟ್ಟಿರುವದು; ಕಾಯುತ್ತ ಕೂತರೆ ಮನಸ್ಸು ಬರುವದೇ ಇಲ್ಲ. ಆದುದರಿಂದ ಹಾದಿಯನ್ನು ತಿರುಗಿಸುವರು: ಮೊದಲು ಕೆಲಸ, ಅದರ ಬೆನ್ನಿಗೆ ಮನಸ್ಸು. ಆದರೆ ಕೆಲಸವು ಬಹಳ ಸಣ್ಣದಿರಬೇಕು. ಹೊಲಕ್ಕೆ ಹೋಗೆನ್ನುವದಿಲ್ಲ, ಬಾವಿಯ ವರೆಗೆ ನಡೆದು ಬಾ ಎನ್ನುವರು. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ, ಮಗಳ ಸಂಗಡ, ಎಂದು ಹಾಳೆಯಲ್ಲಿ ಬರೆಯುವರು. ಆಗದಿದ್ದರೆ ದೂಷಣೆಯಿಲ್ಲ, ಏಕೆ ಆಗಲಿಲ್ಲವೆಂದು ವಿಚಾರಿಸಿ ಇನ್ನೂ ಸಣ್ಣದು ಮಾಡುವರು. ಹೀಗೆ ನಾಲ್ಕು ವಾರ ನಡೆದ ಮೇಲೆ ವಿಚಾರಗಳ ಸರದಿ. “ನಾ ಈ ಮನಿತನಕ್ಕ ಭಾರ” ಎಂದು ಅವನೆನ್ನುವನು. ಮನೆಯವರಾಗಿದ್ದರೆ “ಹಂಗ ಅನಬ್ಯಾಡೋ” ಎಂದು ಬಾಯಿ ಮುಚ್ಚಿಸುತ್ತಿದ್ದರು. ಚಿಕಿತ್ಸಕರು ಹಾಗೆ ಮಾಡದೆ, ಈ ಮಾತಿಗೆ ಪುರಾವೆ ಏನು, ಇದಕ್ಕೆ ವಿರುದ್ಧವಾದ ಪುರಾವೆ ಏನು, ಇದೇ ಸ್ಥಿತಿಯಲ್ಲಿ ನಿನ್ನ ಅಣ್ಣನಿದ್ದರೆ ಅವನಿಗೆ ಹೀಗೆನ್ನುತ್ತಿದ್ದೆಯಾ, ಎಂದು ಒಂದೊಂದಾಗಿ ಕೇಳುವರು. ಕೋರ್ಟಿನಲ್ಲಿ ಸಾಕ್ಷಿಯನ್ನು ವಿಚಾರಿಸಿದಂತೆ ಅವನು ತನ್ನ ವಿಚಾರವನ್ನೇ ವಿಚಾರಿಸಲು ಕಲಿಯುವನು.

ಈ ವಿಧಾನವನ್ನು ರೂಪಿಸಿದವರಲ್ಲಿ ಅಮೇರಿಕೆಯ ಫಿಲಡೆಲ್ಫಿಯಾದ ಮನೋವೈದ್ಯ ಏರನ್ ಬೆಕ್ ಮುಖ್ಯರು. ಅದಕ್ಕೂ ಹಿಂದಿನ ಮನೋವಿಶ್ಲೇಷಣೆಯ ಪದ್ಧತಿಯನ್ನು ಕಲಿತವರಾದ ಅವರು, ೧೯೬೦ರ ದಶಕದಲ್ಲಿ, ರೋಗಿಗಳು ತಮ್ಮ ವಿಷಯದಲ್ಲಿ, ಲೋಕದ ವಿಷಯದಲ್ಲಿ ಮತ್ತು ಮುಂದಿನ ಕಾಲದ ವಿಷಯದಲ್ಲಿ ತಾಳುವ ಕರಾಳ ವಿಚಾರಗಳನ್ನೇ ಹಿಡಿದು ಚಿಕಿತ್ಸೆ ಮಾಡಬಹುದೆಂದು ಕಂಡರು. ನಮ್ಮಲ್ಲಿ ಕೆಲವರು ಭಗವದ್ಗೀತೆಯ ಮೊದಲನೆಯ ಅಧ್ಯಾಯಕ್ಕೆ ಅರ್ಜುನ ವಿಷಾದಯೋಗವೆಂಬ ಹೆಸರಿರುವದನ್ನು ತೋರಿಸಿ, ಇದೆಲ್ಲ ನಮಗೆ ಹೊಸದಲ್ಲವೆನ್ನುತ್ತಾರೆ. ಇರಬಹುದು. ಆದರೆ ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದವನಿಗೆ ಶ್ರೀಕೃಷ್ಣನಾಗಲು ಹವಣಿಸುವವರು ಮೊದಲೇ ಬಹಳವಾಗಿದ್ದಾರೆ.

ಇದು ಕೇವಲ ಪೇಟೆಯ ಓದಿದ ಜನರಿಗೆ ಹೇಳಿದ ಉಪಚಾರವೆಂದು ಯಾರಾದರೂ ಎಂದರೆ ಅವರಿಗೆ ನೆರೆಯ ಗೋವೆಯ ಉದಾಹರಣೆಯನ್ನು ಕೊಡಬಹುದು. ನಮ್ಮ ಬಾದಾಮಿ, ಹುನಗುಂದ ತಾಲ್ಲೂಕುಗಳ ಎಷ್ಟೋ ಜನರು ದುಡಿಯಲು ಹೋಗುವ ಆ ಗೋವೆಯ ೧೦ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ‘ಸಂಗಾತ್’ ಎಂಬ ಸಂಸ್ಥೆಯ ಸಂಶೋಧಕರು ಒಂದು ಪರೀಕ್ಷೆಯನ್ನು ನಡೆಸಿ ೨೦೧೭ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಖಿನ್ನತೆಯು ಬಲವಾಗಿದ್ದ ಸುಮಾರು ೫೦೦ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕೇಂದ್ರದ ಎಂದಿನ ಉಪಚಾರವನ್ನೂ, ಇನ್ನೊಂದು ಪಾಲಿಗೆ ಅದರ ಸಂಗಡ ಮಾತಿನ ಉಪಚಾರವನ್ನೂ ಕೊಟ್ಟರು. ಮಾತಾಡಿದವರು ಡಾಕ್ಟರರಲ್ಲ, ಮನೋವಿಜ್ಞಾನದ ಪದವೀಧರರೂ ಅಲ್ಲ; ತರಬೇತಿ ಪಡೆದ ಸಾಮಾನ್ಯ ಜನರು. ಭೇಟಿಗಳು ಆರರಿಂದ ಎಂಟು. ಕ್ರಮವು ನಾವು ಮೇಲೆ ವರ್ಣಿಸಿದ ಕೆಲಸದ ಹಾಳೆಯದೇ. ಮೂರು ತಿಂಗಳ ತರುವಾಯ ನೋಡಲಾಗಿ, ಮಾತಿನ ಉಪಚಾರ ಸಿಕ್ಕವರಲ್ಲಿ ನೂರಕ್ಕೆ ೬೪ ಜನರೂ, ಸಿಗದವರಲ್ಲಿ ನೂರಕ್ಕೆ ೩೯ ಜನರೂ ಬೇನೆಯಿಂದ ಹೊರಬಿದ್ದಿದ್ದರು. ಜಿಂಬಾಬ್ವೆಯ ಹರಾರೆ ಪಟ್ಟಣದಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ದವಾಖಾನೆಯ ಅಂಗಳದಲ್ಲಿ ಒಂದು ಕಟ್ಟಿಗೆಯ ಬಾಕು ಹಾಕಿಸಿ, ಊರಿನ ಅಜ್ಜಿಯಂದಿರಿಗೇ ತರಬೇತಿ ಕೊಟ್ಟು ಕೂಡ್ರಿಸಿದರು. ಈ ಬಾಕಿನ ಪರೀಕ್ಷೆಯ ಫಲವೂ ೨೦೧೬ರಲ್ಲಿ ಪ್ರಕಟವಾಗಿ ಹಲವು ದೇಶಗಳ ವೈದ್ಯರ ಲಕ್ಷ್ಯವನ್ನು ಸೆಳೆಯಿತು. ನಮ್ಮ ಊರ ಕಟ್ಟೆಗಳ ಮೇಲೆ ಅಜ್ಜಿಯಂದಿರಿಗೇನು ಕೊರತೆಯಿಲ್ಲ, ತರಬೇತಿಯದೇ ಕೊರತೆ.

ಗೋವೆಯ ಅಂಕಿಗಳನ್ನು ಇನ್ನೊಂದು ಮಗ್ಗಲಿನಿಂದಲೂ ಓದಬೇಕು. ನೂರರಲ್ಲಿ ೩೬ ಜನರಿಗೆ ಮಾತಿನ ಉಪಚಾರವಾದರೂ ಪೂರ್ಣ ಗುಣವಾಗಲಿಲ್ಲ. ಮಾತು ಸಂಜೀವಿನಿಯಲ್ಲ. ಅನ್ನ ನೀರು ಬಿಟ್ಟವರಿಗೆ, ಇಲ್ಲದ ಧ್ವನಿ ಕೇಳಿಸುವವರಿಗೆ, ಸಾವಿನ ಯೋಚನೆ ಬಲಿತವರಿಗೆ ಮೊದಲು ಮನೋವೈದ್ಯರ ಔಷಧವೇ ಬೇಕು, ಮಾತು ಆಮೇಲೆ. ಸಾಲದ ಪ್ರಶ್ನೆಯೂ ಇದೆ. ಇಳಕಲ್ಲಿನ ನೇಕಾರನ ಮಗ್ಗವು ನಿಂತಿದ್ದರೆ, ಕುಳಗೇರಿಯ ಒಕ್ಕಲಿಗನ ಕಡಲೆಯು ಒಣಗಿದ್ದರೆ, ಚಿಕಿತ್ಸಕರು ಅದನ್ನು ತುಂಬಿ ಕೊಡಲಾರರು. ಆದರೆ ಹಾಸಿಗೆಯಿಂದ ಏಳಲಾರದವನು ಸೊಸೈಟಿಗೆ ಹೋಗಿ ಗಡುವು ಕೇಳಲಾರನು, ಬೆಳೆವಿಮೆಯ ಕಾಗದ ತುಂಬಲಾರನು. ಹರಾರೆಯ ಅಜ್ಜಿಯಂದಿರು ಮಾಡುವದು ಇದನ್ನೇ: 'ಹತ್ತು ಕಷ್ಟಗಳಲ್ಲಿ ಇಂದು ಒಂದನ್ನು ಆರಿಸು, ಅದಕ್ಕೆ ಏನೇನು ಮಾಡಬಹುದೆಂದು ಎಣಿಸು, ಒಂದನ್ನು ಮಾಡಿ ಬಂದು ನನಗೆ ಹೇಳು.'

ಈ ಉಪಚಾರವು ದೊರೆಯುವದೆಲ್ಲಿ? ಧಾರವಾಡದ ದವಾಖಾನೆಯು ೧೮೪೫ರಷ್ಟು ಹಳೆಯದು. ‘ಹುಚ್ಚರ ದವಾಖಾನೆ’ ಎಂಬ ಹಳೆಯ ಹೆಸರು ಜನರ ಬಾಯಲ್ಲಿ ಇನ್ನೂ ಉಳಿದಿರುವದರಿಂದ, ಧಾರವಾಡಕ್ಕೆ ಹೊರಟೆವೆಂದು ಹೇಳಲು ಮನೆಯವರು ನಾಚುವರು. ಈಗ ಅದು ಡಿಮ್ಹಾನ್ಸ್ ಎಂದು ಕರೆಯಲ್ಪಡುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ. ಹೊರರೋಗಿಗಳಾಗಿ ತೋರಿಸಿಕೊಂಡು ಅದೇ ಸಂಜೆ ಮನೆಗೆ ಮರಳುವವರೇ ಅಲ್ಲಿ ಹೆಚ್ಚು. ಕುಳಗೇರಿ ಕ್ರಾಸಿನಿಂದ ನರಗುಂದ, ನವಲಗುಂದದ ಹಾದಿ ಹಿಡಿದರೆ ಒಂದೇ ಹಗಲಿನಲ್ಲಿ ಹೋಗಿ ಬರಬಹುದು. ಅಷ್ಟು ದೂರ ಹೋಗುವದಕ್ಕೆ ಮುಂಚೆ ಹತ್ತಿರದಲ್ಲಿಯೂ ವಿಚಾರಿಸಬಹುದು. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋವ್ಯಾಧಿಗಳ ಉಪಚಾರವನ್ನು ಪ್ರಾಥಮಿಕ ಕೇಂದ್ರಗಳಲ್ಲಿಯೇ ಮಾಡಬಹುದೆಂದು ತೋರಿಸಿದರು. ೧೯೯೬ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿಯಾಯಿತು. ಕರ್ನಾಟಕ ಸರಕಾರವು ‘ಮನೋಚೈತನ್ಯ’ ಎಂಬ ಹೆಸರಿನಿಂದ ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತಾದ ದಿನ ಮನೋವೈದ್ಯರನ್ನು ಕಳಿಸುವ ಏರ್ಪಾಡು ಮಾಡಿತು. ಆ ದಿನ ಯಾವದೆಂಬದನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿಕೊಂಡು ಹೊರಡುವದು ಒಳ್ಳೆಯದು. ಎಲ್ಲಿಗೂ ಹೋಗಲಾಗದಿದ್ದರೆ ೨೦೨೨ರ ಅಕ್ಟೋಬರದಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಸರಕಾರದ ಸೇವೆಗೆ ಹಗಲು ರಾತ್ರಿ ಯಾವಾಗಲಾದರೂ ಫೋನು ಮಾಡಬಹುದು; ಅದರ ಸಂಖ್ಯೆ ೧೪೪೧೬, ಖರ್ಚಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಇಷ್ಟಿದ್ದರೂ ಜನರು ಬರುತ್ತಿಲ್ಲ, ಬಂದವರೆಲ್ಲರಿಗೆ ಸಾಲುವಷ್ಟು ಚಿಕಿತ್ಸಕರೂ ಇಲ್ಲ. ೨೦೧೫-೧೬ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ದೇಶದ ೧೨ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಮೇರೆಗೆ ೨೦ ಜನರಲ್ಲಿ ಒಬ್ಬರು ಖಿನ್ನತೆಯನ್ನು ಕಂಡವರು; ಅಂಥವರಲ್ಲಿ ನೂರಕ್ಕೆ ಸುಮಾರು ೮೫ ಜನರಿಗೆ ಉಪಚಾರವೇ ಸಿಕ್ಕಿರಲಿಲ್ಲ. ಮನೆಯ ಮಾತು ಹೊರಗೆ ಬೀಳುವದೆಂಬ ಅಂಜಿಕೆಯು ಇದಕ್ಕೆ ಒಂದು ಕಾರಣ. ಚಿಕಿತ್ಸಕರು ರೋಗಿಯ ಮಾತನ್ನು ಗುಪ್ತವಾಗಿಡಬೇಕೆಂಬದು ಕೇವಲ ಸೌಜನ್ಯವಲ್ಲ. ೨೦೧೭ರ ಕಾಯಿದೆಯೇ ಅದನ್ನು ರೋಗಿಯ ಹಕ್ಕೆಂದು ಹೇಳಿದೆ. ಜೀವಕ್ಕೆ ಅಪಾಯವಿದ್ದಾಗ ಮಾತ್ರ ಅವರು ಮನೆಯವರಿಗೆ ತಿಳಿಸುವರು.

ದೇವರಿಗೆ ಹೋಗಿ ಬರುವದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ೧೯೭೦ರ ದಶಕದಲ್ಲಿ ಕಾಪೂರ ಮತ್ತು ಕಾರ್‌ಸ್ಟೇರ್ಸ್ ಎಂಬ ಇಬ್ಬರು ಮನೋವೈದ್ಯರು ನಮ್ಮ ಕರಾವಳಿಯ ಕೋಟ ಎಂಬ ಊರಿನಲ್ಲಿ ಮನೆಮನೆಗೆ ಹೋಗಿ ಅಭ್ಯಾಸ ಮಾಡಿದಾಗ, ಅದೇ ಜನರು ಡಾಕ್ಟರರ ಬಳಿಗೂ ಹೋಗುವರು, ಮಂತ್ರವಾದಿಗಳ ಬಳಿಗೂ ಹೋಗುವರು, ಅದರಲ್ಲಿ ಅವರಿಗೆ ವಿರೋಧವೇನೂ ತೋರುವದಿಲ್ಲ ಎಂಬದನ್ನು ಕಂಡರು. ಬನಶಂಕರಿಗೆ ಹಣ್ಣುಕಾಯಿ ಮಾಡಿಸಿದವರು ಮರುದಿನ ದವಾಖಾನೆಗೂ ಹೋಗಲಿ. ಗುಳಿಗೆ ಬಿಡಿಸುವವರನ್ನು, ಹೊಡೆಯುವವರನ್ನು, ಕಟ್ಟಿಹಾಕುವವರನ್ನು ಮಾತ್ರ ಹೊಸ್ತಿಲೊಳಗೆ ಬಿಡಬಾರದು.

ಮನೆಯವರ ಪಾಲಿಗೆ ಉಳಿಯುವ ಕೆಲಸವು ಸಣ್ಣದು, ಆದರೆ ದಿನಾಲೂ ಮಾಡುವಂಥದು. ಮೊದಲ ಸಲ ಸಂಗಡ ಹೋಗಬೇಕು. ನಿದ್ರೆ, ಊಟ, ಮಾತುಗಳಲ್ಲಿ ಏನು ಬದಲಾಯಿತು, ಎಂದಿನಿಂದ, ಎಂಬದನ್ನು ಚೀಟಿಯಲ್ಲಿ ಬರೆದೊಯ್ಯಬೇಕು. ಮೇಲೆ ಹೇಳಿದ ಪ್ಲಾಸ್ಟಿಕ್ ಚೀಲವನ್ನೂ ಒಯ್ಯಬೇಕು, ಮಾಡಿದ ತಪಾಸಣೆಯನ್ನೇ ಮತ್ತೆ ಮಾಡಿಸುವದು ತಪ್ಪುವದು. ಹಾಳೆಯಲ್ಲಿ ಬಾವಿಯ ವರೆಗೆ ಎಂದಿದ್ದರೆ ಬಾವಿಯ ವರೆಗೇ ನಡೆಯಗೊಡಬೇಕು. “ಇಷ್ಟ ಬಂದಿ, ಇನ್ನ ಹೊಲಕ್ಕ ನಡಿ” ಎನ್ನಬಾರದು. ಸುಮ್ಮನೆ ಕೂಡಿದರೆ ತಾವೂ ಮಗ್ಗಲಲ್ಲಿ ಸುಮ್ಮನೆ ಕೂಡಬಹುದು. ಆರೈಕೆ ಮಾಡುವ ಹೆಂಡತಿಗೆ, ಸೊಸೆಗೆ ವಾರದಲ್ಲಿ ಒಂದು ದಿನ ಬಿಡುವು ಕೊಡಿಸುವವರು ಬೇಕು. ಇದನ್ನು ಬಹುತೇಕ ಯಾರೂ ನೆನೆಸುವದಿಲ್ಲ.

ಖಿನ್ನತೆಯು ಒಮ್ಮೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮುಂದೆಂದಾದರೂ ಮತ್ತೆ ಬರುವದುಂಟು. ಆದುದರಿಂದ ಕೊನೆಯ ಭೇಟಿಗಳಲ್ಲಿ ಚಿಕಿತ್ಸಕರು ರೋಗಿಯಿಂದಲೇ ಒಂದು ಕಾಗದವನ್ನು ಬರೆಯಿಸುವರು. ಬೇನೆಯು ತನ್ನ ಮನೆಯ ಬಾಗಿಲಿಗೆ ಬಂದಾಗ ಮೊದಲು ಯಾವ ಗುರುತು ತೋರಿಸುವದೆಂಬದನ್ನು ಅವನಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ನಮ್ಮ ಯಜಮಾನನು ಹೀಗೆ ಬರೆಯಬಹುದು: ಸತತ ಮೂರು ದಿನ ನಸುಕಿನಲ್ಲಿ ಎಚ್ಚರ, ಎತ್ತಿನ ಮೈ ತೊಳೆಯಲು ಬೇಸರ, ಮಗಳು ಕರೆದರೆ ಸಿಟ್ಟು. ಅದರ ಕೆಳಗೆ, ಹಾಗಾದಾಗ ಮಾಡಬೇಕಾದ ಎರಡು ಮೂರು ಕೆಲಸಗಳು, ಫೋನು ಮಾಡಬೇಕಾದ ಸಂಖ್ಯೆ, ಧಾರವಾಡದ ಚೀಟಿಯ ನಂಬರು. ಒಂದು ಪ್ರತಿಯನ್ನು ಅವನು ಇಟ್ಟುಕೊಳ್ಳುವನು, ಇನ್ನೊಂದು ಹೆಂಡತಿಯ ಹತ್ತಿರ ರೇಶನ್ ಕಾರ್ಡಿನ ಸಂಗಡ ಇರುವದು.